ನೀರಿನ ಫ್ಲೋರೈಡ್ ಪತ್ತೆಗೆ ಹೊಳೆಯುವ ಕಣಗಳು ಇನ್ನೂ ಏಕೆ ಬಂದಿಲ್ಲ?

ಪ್ರತಿದೀಪ್ತಿಯ (ಒಂದು ಬೆಳಕನ್ನು ಹೀರಿಕೊಂಡು ಬೇರೆ ಬಣ್ಣದ ಬೆಳಕನ್ನು ಹೊಮ್ಮಿಸುವ ಗುಣ, ಫ್ಲೋರೆಸೆನ್ಸ್) ಬಗ್ಗೆ ಎಲ್ಲಿ ಮಾತನಾಡಿದರೂ, ಕೋಲಾರ, ಪಾವಗಡದ ಕಡೆಯವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ನೀರಿನಲ್ಲಿರುವ ಫ್ಲೋರೈಡನ್ನು ಬೆಳಕಿನಿಂದಲೇ ತೋರಿಸಿಕೊಡುವ ನ್ಯಾನೊಕಣಗಳ ಸುದ್ದಿ ಆಗಾಗ ಓದುತ್ತೇವೆ, ಆದರೆ ನಮ್ಮ ಬೋರ್‌ವೆಲ್‌ವರೆಗೆ ಅದು ಏಕೆ ಬಂದಿಲ್ಲ?" ಹೊಳೆಯುವ ಕಣವನ್ನು ತಯಾರಿಸುವುದು ಈಗ ಕಷ್ಟವಲ್ಲ, ಅದರ ಬೆಳಕು ಬದಲಾದದ್ದು ಫ್ಲೋರೈಡಿನಿಂದಲೇ ಎಂದು ಖಚಿತಪಡಿಸಿಕೊಳ್ಳುವುದು ಕಷ್ಟ ಎಂಬುದು ನನ್ನ ಉತ್ತರ.

ಹೊಳೆಯುವ ಕಣಗಳಲ್ಲಿ ಹೆಸರಾದದ್ದು ಕ್ವಾಂಟಮ್ ಡಾಟ್, ಅಂದರೆ ಗಾತ್ರಕ್ಕೆ ತಕ್ಕಂತೆ ಬಣ್ಣ ಬದಲಿಸುವ ಅರೆವಾಹಕದ ನ್ಯಾನೊಕಣ. ಕ್ಯಾಡ್ಮಿಯಂ ಸೆಲೆನೈಡಿನ ಡಾಟ್ ಸುಮಾರು 2 ನ್ಯಾನೊಮೀಟರ್ ಇದ್ದರೆ ನೀಲಿಯಾಗಿಯೂ 6ರ ಆಸುಪಾಸಿನಲ್ಲಿದ್ದರೆ ಕೆಂಪಾಗಿಯೂ ಬೆಳಗುತ್ತದೆ. ಈ ಕಣಗಳ ಶೋಧಕ್ಕೆ ಎಕಿಮೊವ್, ಬ್ರೂಸ್ ಮತ್ತು ಬವೆಂಡಿ ಅವರಿಗೆ 2023ರ ರಸಾಯನವಿಜ್ಞಾನ ನೊಬೆಲ್ ಸಂದಿತು. ಕ್ಯಾಡ್ಮಿಯಂ ವಿಷಕಾರಿಯಾದ್ದರಿಂದ ನೀರಿನ ಪರೀಕ್ಷೆಗೆ ಹಲವರು ಇಂಗಾಲದ ಹೊಳೆಯುವ ನ್ಯಾನೊಕಣಗಳಾದ ಕಾರ್ಬನ್ ಡಾಟ್‌ಗಳತ್ತ ಹೊರಳಿದ್ದಾರೆ. 2004ರಲ್ಲಿ ಇಂಗಾಲದ ನ್ಯಾನೊಕೊಳವೆಗಳನ್ನು ಶುದ್ಧೀಕರಿಸುವಾಗ ಅನಿರೀಕ್ಷಿತವಾಗಿ ಕಂಡುಬಂದ ಇವನ್ನು ಸಿಟ್ರಿಕ್ ಆಮ್ಲ ಮತ್ತು ಯೂರಿಯಾದ ದ್ರಾವಣವನ್ನು ಕಾಯಿಸಿಯೂ ಪಡೆಯಬಹುದು. ಕೈಗೆ ಬರುವುದು ಚಹದ ಡಿಕಾಕ್ಷನ್‌ನಂಥ ಕಂದು ದ್ರವ, ಆದರೆ 365 ನ್ಯಾನೊಮೀಟರಿನ ನೇರಳಾತೀತ ದೀಪದಡಿ ಹಿಡಿದರೆ ಅದೇ ದ್ರವ ನೀಲಿಯಾಗಿ ಬೆಳಗುತ್ತದೆ.

ತೊಡಕು ಆರಂಭವಾಗುವುದು ಇದರ ನಂತರ. ಫ್ಲೋರೈಡ್ ಅಯಾನನ್ನು ನೀರಿನ ಅಣುಗಳು ಬಹಳ ಬಿಗಿಯಾಗಿ ಸುತ್ತಿಕೊಂಡಿರುತ್ತವೆ. ಅದಕ್ಕೆಂದೇ ಅಸಿಟೊನೈಟ್ರೈಲ್‌ನಂಥ ದ್ರಾವಕದಲ್ಲಿ ಸೊಗಸಾಗಿ ಕೆಲಸ ಮಾಡುವ ಎಷ್ಟೋ ಸಂವೇದಕ ಅಣುಗಳು ನೀರಿನಲ್ಲಿ ಸುಮ್ಮನಾಗುತ್ತವೆ. ಕಣಕ್ಕೂ ಫ್ಲೋರೈಡಿಗೂ ನಡುವೆ ಜಿರ್ಕೋನಿಯಂನಂಥ ಲೋಹವನ್ನು ಮಧ್ಯವರ್ತಿಯಾಗಿಸಿದರೆ ಅದು ನೀರಿನಲ್ಲಿಯೂ ಫ್ಲೋರೈಡನ್ನು ಹಿಡಿಯುತ್ತದೆ, ಆದರೆ ಫಾಸ್ಫೇಟನ್ನೂ ಹಿಡಿಯುತ್ತದೆ. ನೀರಿನಲ್ಲಿ ಕರಗಿದ ಕಬ್ಬಿಣ ನೇರಳಾತೀತ ಬೆಳಕನ್ನು ತಾನೇ ಹೀರಿಕೊಂಡು ಕಣವನ್ನು ಮಂಕಾಗಿಸಬಲ್ಲದು. ಕೊಳೆತ ಸಸ್ಯಾಂಶವಿರುವ ನೀರಂತೂ ಕಣಗಳ ಹಂಗಿಲ್ಲದೆ ತಾನಾಗಿಯೇ ನಸುನೀಲಿಯಾಗಿ ಬೆಳಗುತ್ತದೆ. ಆದ್ದರಿಂದ ಬೆಳಕು ಕುಗ್ಗಿತು ಎಂಬುದನ್ನಷ್ಟೇ ಆಧಾರವಾಗಿಟ್ಟುಕೊಂಡ ಸಂವೇದಕಗಳನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಸಿಲಿಕಾದೊಳಗೆ ಭದ್ರವಾಗಿರುವ ಕೆಂಪು ಕಣವೊಂದನ್ನು ಸಾಕ್ಷಿಯಾಗಿಟ್ಟು, ಹೊರಗಿನ ನೀಲಿ ಕಣದ ಬೆಳಕನ್ನು ಅದರೊಂದಿಗೆ ಹೋಲಿಸಿ ಅನುಪಾತವನ್ನು ಅಳೆಯುವ ವಿಧಾನ ಎಷ್ಟೋ ಮೇಲು. ದೀಪದ ಏರಿಳಿತ, ಕಣಗಳ ಸಾಂದ್ರತೆಯ ವ್ಯತ್ಯಾಸ ಮುಂತಾದ ದೋಷಗಳು ಅದರಲ್ಲಿ ಬಹುಪಾಲು ಕಳೆಯುತ್ತವೆ.

ಪ್ರಬಂಧಗಳು ಹೆಮ್ಮೆಯಿಂದ ಹೇಳಿಕೊಳ್ಳುವ ನ್ಯಾನೊಮೋಲಾರ್ ಸೂಕ್ಷ್ಮತೆ (ಮೈಕ್ರೊಮೋಲಾರ್‌ನ ಸಾವಿರದ ಒಂದು ಪಾಲಿನಷ್ಟು ಸಾಂದ್ರತೆಯನ್ನೂ ಗುರುತಿಸುವ ಶಕ್ತಿ) ಇಲ್ಲಿ ಬೇಕಾಗಿಯೇ ಇಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡಿನ ಸ್ವೀಕಾರಾರ್ಹ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5. ಒಂದು ಮಿಲಿಗ್ರಾಂ ಎಂದರೆ ಸುಮಾರು 53 ಮೈಕ್ರೊಮೋಲಾರ್. ಗಡಸು ನೀರಿನಲ್ಲಿ 0.9 ಮತ್ತು 1.6ರ ವ್ಯತ್ಯಾಸವನ್ನು ಪ್ರತಿ ಸಲವೂ ಸರಿಯಾಗಿ ಹೇಳಿದರೆ ಸಾಕು.

ಪ್ರತಿದೀಪ್ತಿ ಎಲ್ಲೆಡೆ ಸೋತಿದೆ ಎಂದಲ್ಲ. ಕೋವಿಡ್ ಕಾಲದಲ್ಲಿ ಎಲ್ಲರೂ ಮಾಡಿಸಿಕೊಂಡ ಆರ್‌ಟಿ-ಪಿಸಿಆರ್ ನಿಂತಿರುವುದು ಇದರ ಮೇಲೆಯೇ. ಅಲ್ಲಿ ವೈರಾಣುವಿನ ಜೀನ್ ಪ್ರತಿಯಾಗುತ್ತ ಹೋದಂತೆ, ಬೆಳಕನ್ನು ತಡೆದಿಟ್ಟಿದ್ದ ಅಣು ದೂರ ಸರಿದು ಬಣ್ಣದ ಅಣು ಬೆಳಗತೊಡಗುತ್ತದೆ. ಚರ್ಮದಡಿ ಇರಿಸಿ ಗ್ಲೂಕೋಸ್ ಅಳೆಯುವ ಪ್ರತಿದೀಪ್ತಿ ಸಂವೇದಕಕ್ಕೆ 2018ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮೋದನೆ ನೀಡಿತು. ಎರಡೂ ಕಡೆ ಸುತ್ತಲಿನ ದ್ರವ ಹೇಗಿರುತ್ತದೆ ಎಂಬುದು ಹೆಚ್ಚುಕಡಿಮೆ ಮೊದಲೇ ಗೊತ್ತಿರುತ್ತದೆ, ಬೋರ್‌ವೆಲ್ ನೀರು ಹಾಗಲ್ಲ, ಊರಿಂದೂರಿಗೆ ಬದಲಾಗುತ್ತದೆ.

ಸದ್ಯಕ್ಕೆ ನಿಮ್ಮ ನೀರನ್ನು ಗಾಜಿನ ಬದಲು ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಸಿ ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಕೊಡಿ, ಫ್ಲೋರೈಡ್ ಎಲೆಕ್ಟ್ರೋಡಿನಿಂದ (ಫ್ಲೋರೈಡನ್ನು ವಿದ್ಯುತ್ ಸಂಕೇತವಾಗಿ ಅಳೆಯುವ ಸಾಧನ) ಅಳೆಯುತ್ತಾರೆಯೇ ಎಂದೂ ವಿಚಾರಿಸಿ.