ಕರಡಿಯ ಹೆಸರು ಮತ್ತು ಅವ್ವನ ಹುಳ
17 ನವೆಂಬರ್ 2024, ಭಾನುವಾರ, ಕಂಪ್ಲಿ

ಮಧ್ಯಾಹ್ನ ಅಣ್ಣನ ಮಗನನ್ನು ಗಾಡಿ ಹಿಂದೆ ಕೂರಿಸಿಕೊಂಡು ದರೋಜಿ ಕರಡಿಧಾಮಕ್ಕೆ ಹೋಗಿದ್ದೆ. ಅಲ್ಲಿ ಬಂಡೆಗಳಿಗೆ ಬೆಲ್ಲದ ಪಾಕ ಬಳಿದಿರುತ್ತಾರೆ, ಅದನ್ನು ನೆಕ್ಕೋಕೆ ಕರಡಿಗಳು ಗುಡ್ಡ ಇಳಿದು ಬರುತ್ತವೆ, ನಾವು ದೂರದ ಗೋಪುರದಲ್ಲಿ ಉಸಿರು ಬಿಗಿಹಿಡಿದು ಕೂತಿರಬೇಕು. ಇವತ್ತು ಮೂರು ಬಂದವು. ಒಂದರ ಬೆನ್ನ ಮೇಲೆ ಮರಿ.

"ಚಿಕ್ಕಪ್ಪ, ಬೇರ್ ಅಂದ್ರ ಏನು?" ಅಂದ ಹುಡುಗ. ಕರಡಿ ಅಂದೆ. "ಅದು ಗೊತ್ತು. ಬೇರ್ ಅಂದ್ರ ಏನು?"

ಮನೆಗೆ ಬಂದು ಹುಡುಕಿದೆ. 'ಕಂದು ಬಣ್ಣದ್ದು' ಅಂತ ಅರ್ಥವಂತೆ, ಬ್ರೌನ್ ಅನ್ನೋ ಪದದ ನೆಂಟ. ಅಂದ್ರೆ ಅದು ಹೆಸರೇ ಅಲ್ಲ! ಉತ್ತರ ಯುರೋಪಿನ ಹಳೇ ಜನ ಕರಡಿಯ ನಿಜವಾದ ಹೆಸರೆತ್ತೋಕೆ ಹೆದರಿ ಸುಮ್ನೆ 'ಕಂದಂದು' ಅಂದರು, ಹಾಗೇ ಅಂತಾ ಅಂತಾ ನಿಜವಾದ ಹೆಸರನ್ನೇ ಮರೆತರು. ರಷ್ಯದವರದ್ದೂ ಇದೇ ಕತೆ, ಅವರ ಮೆದ್ವೇದ್ ಅಂದರೆ ಜೇನು ತಿನ್ನೋದು. ಇಲ್ಲ, ಬೇರ್ ಅಂದರೆ 'ಕಾಡುಮೃಗ' ಅನ್ನೋ ಪಂಡಿತರೂ ಇದ್ದಾರೆ. ನನಗಂತೂ ಮೊದಲನೆಯದೇ ಸರಿ ಅನಿಸಿತು, ಯಾಕಂದ್ರೆ ನಮ್ಮವ್ವ ದೀಪ ಹಚ್ಚಿದ ಮೇಲೆ ಹಾವನ್ನು ಹಾವು ಅನ್ನೋದಿಲ್ಲ, 'ಹುಳ' ಅಂತಾಳೆ.

ಅವರು ಮರೆತ ಆ ಹಳೇ ಹೆಸರು ಬೇರೆ ಕಡೆ ಉಳಿದಿದೆ. ಗ್ರೀಕರಲ್ಲಿ ಆರ್ಕ್ಟೋಸ್. ಉತ್ತರದ ಆಕಾಶದಲ್ಲಿ ಅವರಿಗೆ ಕಂಡ ನಕ್ಷತ್ರಗಳ ಕರಡಿಯಿಂದಲೇ ಆರ್ಕ್ಟಿಕ್ ಬಂತು. ಲ್ಯಾಟಿನ್‌ನಲ್ಲಿ ಉರ್ಸುಸ್. ಸಂಸ್ಕೃತದಲ್ಲಿ ಋಕ್ಷ, ಜಾಂಬವಂತನನ್ನು ಋಕ್ಷರಾಜ ಅನ್ನೋದಿಲ್ವಾ, ಅದೇ. ಕಿಷ್ಕಿಂಧೆ ಅಂತ ನಾವು ಕೈ ಮುಗಿಯೋ ಆನೆಗೊಂದಿ ಇರೋದು ಇಲ್ಲೇ ಹೊಳೆಯಾಚೆ. ಇಂಗ್ಲಿಷಿನವರು ಕಳೆದುಕೊಂಡ ಹೆಸರು ನಮ್ಮ ಪುರಾಣದವರ ಬಾಯಲ್ಲಿ ಇನ್ನೂ ಆಡ್ತಾ ಇದೆ.

ತಮಾಷೆ ಅಂದ್ರೆ ನಮ್ಮ ಕರಡಿ ಕಂದೂ ಅಲ್ಲ, ಕಪ್ಪು. ಅದಕ್ಕೆ ಸ್ಲಾತ್ ಬೇರ್ ಅಂತಾರೆ, ಅದೂ ಎಡವಟ್ಟೇ: 1791ರಲ್ಲಿ ಜಾರ್ಜ್ ಶಾ ಅನ್ನೋ ವಿಜ್ಞಾನಿ ಅದರ ಉದ್ದ ಉಗುರು ನೋಡಿ, ಮರಕ್ಕೆ ನೇತಾಡೋ ಸ್ಲಾತ್ ಪ್ರಾಣಿಯ ಜಾತಿ ಅಂದುಕೊಂಡುಬಿಟ್ಟ.

ಊಟಕ್ಕೆ ಕೂತಾಗ ಅವ್ವನಿಗೆ ಇದನ್ನೆಲ್ಲ ಹೇಳಿದೆ. ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ. "ಅವರೂ ಅಂಜತಿದ್ರು ಅನ್ನು" ಅಂದಳು. ಹುಡುಗ ಬೇಕಂತಲೇ "ಅಮ್ಮಮ್ಮ, ಹಾವು!" ಅಂದ. ಲಟ್ಟಣಿಗೆ ಎತ್ತಿದಳು ನೋಡಿ, ತಟ್ಟೆ ಸಮೇತ ಹೊರಗೆ ಓಡಿದ.