ಪಂಚೆಯ ಮೇಲೆ ಬರೆದ ಎರಡು ಪದ

ಸಂಚಿಕೆಗೆ ಏನಾದರೂ ಬರೆದುಕೊಡಿ ಅಂದಾಗ ನನಗೆ ಮೊದಲು ನೆನಪಾದದ್ದು ಹಾಸ್ಟೆಲ್ ರೂಮಿನ ಸಿಮೆಂಟ್ ನೆಲ. ಅದರ ಮೇಲೆ ಕೆಂಪು ಪೇಂಟಿನಲ್ಲಿ 'ಯುದ್ಧ ಬೇಡ' ಎಂಬ ಅಕ್ಷರಗಳು ಮಸುಕಾಗಿ ಉಳಿದಿದ್ದವು. ಪಂಚೆಯ ಮೇಲೆ ಬರೆದದ್ದು ನೆಲಕ್ಕೂ ಇಳಿದಿತ್ತು. ಸೀಮೆಎಣ್ಣೆ ಹಾಕಿ ಎಷ್ಟು ಉಜ್ಜಿದರೂ ಹೋಗಲಿಲ್ಲ.

ಅದು 2003ರ ಮಾರ್ಚ್. ನಾನು ಓದುತ್ತಿದ್ದದ್ದು ತುಮಕೂರಿನಲ್ಲಿ. ತುಮಕೂರು ವಿಶ್ವವಿದ್ಯಾನಿಲಯ ಶುರುವಾದದ್ದು ಮರುವರ್ಷ. ನಾವೆಲ್ಲ ಬೆಂಗಳೂರು ವಿಶ್ವವಿದ್ಯಾನಿಲಯದ ಪರೀಕ್ಷೆ ಬರೆಯುತ್ತಿದ್ದವರು. 20ನೇ ತಾರೀಖು ಬೆಳಿಗ್ಗೆ ತಿಂಡಿಗೆ ಕೂತಾಗ ಟಿವಿಯಲ್ಲಿ ಇರಾಕಿನ ರಾಜಧಾನಿ ಬಾಗ್ದಾದ್ ಮೇಲೆ ಅಮೆರಿಕದ ಬಾಂಬು. ಸಂಜೆ ಅದೇ ಟಿವಿಯಲ್ಲಿ ಭಾರತ–ಕೀನ್ಯಾ ವಿಶ್ವಕಪ್ ಸೆಮಿಫೈನಲ್. ಗಂಗೂಲಿ ಶತಕ ಹೊಡೆದಾಗ ಹಾಲ್‌ನಲ್ಲಿದ್ದವರೆಲ್ಲ ಎದ್ದು ಕುಣಿದರು. ನನ್ನ ರೂಮಿನ ಗೆಳೆಯ ಮಾತ್ರ ಓವರ್ ಮುಗಿದಾಗಲೆಲ್ಲ "ಒಂದ್ನಿಮಿಷ ನ್ಯೂಸ್ ಹಾಕ್ರೋ" ಎಂದು ಬೇಡುತ್ತಿದ್ದ. ಶಿರಾ ಕಡೆಯವನು. ಅವನ ಅಣ್ಣ ಕುವೈತಿನಲ್ಲಿ ಡ್ರೈವರ್.

ಮೆರವಣಿಗೆ ಮಾಡೋಣ ಎಂಬ ಮಾತು ಮರುದಿನವೇ ಹುಟ್ಟಿತು. ಫೆಬ್ರವರಿ 15ರಂದು ಲಂಡನ್, ರೋಮ್‌ನಂಥ ಊರುಗಳಲ್ಲಿ ಈ ಯುದ್ಧ ಬೇಡವೆಂದು ಲಕ್ಷಗಟ್ಟಲೆ ಜನ ಬೀದಿಗಿಳಿದದ್ದನ್ನು ಪೇಪರಿನಲ್ಲಿ ನೋಡಿದ್ದೆವು. ನಾವೂ ಏನಾದರೂ ಮಾಡಲೇಬೇಕು ಅನ್ನಿಸಿತ್ತು. ರಾತ್ರಿ ಹತ್ತು ಜನ ನಮ್ಮ ರೂಮಿನಲ್ಲಿ ಸೇರಿ ಘೋಷಣೆ ಬರೆಯತೊಡಗಿದೆವು. ಅಮೆರಿಕದ ಅಧ್ಯಕ್ಷ ಬುಷ್‌ಗೆ ಧಿಕ್ಕಾರ, ಅಮೆರಿಕಕ್ಕೆ ಧಿಕ್ಕಾರ. ಗೆಳೆಯ ಮೂಲೆಯಲ್ಲಿ ಸುಮ್ನೆ ಕೂತಿದ್ದ. ಆಮೇಲೆ ಒಂದೇ ಮಾತು ಕೇಳಿದ: "ನಮ್ಮಣ್ಣ ಇರೋ ಊರಿನ ಕಡೆ ಕ್ಷಿಪಣಿ ಬಿಡ್ತಿರೋದು ಇರಾಕ್ ಕಣ್ರೋ. ಅದಕ್ಕೂ ಧಿಕ್ಕಾರ ಕೂಗ್ತೀರಾ?"

ಯಾರಿಗೂ ಉತ್ತರ ಹೊಳೆಯಲಿಲ್ಲ. ನಿಜ ತಾನೇ? ಯುದ್ಧ ಶುರುವಾದ ದಿನವೇ ಕುವೈತಿನ ಮೇಲೂ ಕ್ಷಿಪಣಿ ಬಂದಿತ್ತು. ಯುದ್ಧ ಶುರುಮಾಡಿದ್ದು ಅಮೆರಿಕ, ಅದರಲ್ಲಿ ನನಗೆ ಅಂದೂ ಅನುಮಾನವಿರಲಿಲ್ಲ, ಇಂದೂ ಇಲ್ಲ. ಸಾಮೂಹಿಕ ವಿನಾಶದ ಅಸ್ತ್ರ ಇದೆ ಎಂದು ಹೇಳಿ ಹೊರಟವರಿಗೆ ಕೊನೆಗೂ ಅದು ಸಿಗಲಿಲ್ಲ. ಆದರೆ ಬಾಂಬು ಬೀಳುವ ಜಾಗದಲ್ಲಿ ನಿಂತವನ ಮನೆಯವರಿಗೆ ಅದು ಯಾರದ್ದಾದರೆ ಏನು? ಆ ರಾತ್ರಿ ಉಳಿದ ಘೋಷಣೆಗಳನ್ನೆಲ್ಲ ಬಿಟ್ಟೆವು. ಗೆಳೆಯ ತನ್ನ ಬಿಳಿ ಪಂಚೆಯನ್ನೇ ಹಾಸಿದ. ನಾನು ಬ್ರಷ್ ಹಿಡಿದೆ.

ಬೆಳಿಗ್ಗೆ ಇತಿಹಾಸದ ಮೇಷ್ಟ್ರು ನೋಡಿ, "ಯುದ್ಧಕ್ಕೆ ಹೊಟ್ಟೆ ಸೀಳಿಲ್ಲವಲ್ಲಯ್ಯ" ಎಂದು ತಾವೇ ಬ್ರಷ್ ತೆಗೆದುಕೊಂಡು ದ ಒತ್ತನ್ನು ಧ ಒತ್ತು ಮಾಡಿದರು. ಆಮೇಲೆ ಕೂರಿಸಿಕೊಂಡು ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾನಿಲಯದ ಕಥೆ ಹೇಳಿದರು. 1970ರ ಮೇ 4. ವಿಯೆಟ್ನಾಂ ಯುದ್ಧದ ಕಾಲ. ಅಮೆರಿಕದ ಅಧ್ಯಕ್ಷ ನಿಕ್ಸನ್ ಪಕ್ಕದ ಕಾಂಬೋಡಿಯಾಕ್ಕೂ ಸೇನೆ ನುಗ್ಗಿಸಿದ್ದಕ್ಕೆ ಕ್ಯಾಂಪಸ್ಸಿನಲ್ಲಿ ವಿದ್ಯಾರ್ಥಿಗಳು ಸೇರಿದ್ದರು. ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೇನೆಯವರು 13 ಸೆಕೆಂಡಿನಲ್ಲಿ 60ಕ್ಕೂ ಹೆಚ್ಚು ಗುಂಡು ಹಾರಿಸಿದರು. ನಾಲ್ವರು ಸತ್ತರು. ಅವರಲ್ಲಿ ಇಬ್ಬರು ಪ್ರತಿಭಟನೆಗೇ ಬಂದವರಲ್ಲ, ಕ್ಲಾಸಿಗೆ ಹೊರಟಿದ್ದವರು. "ಯುದ್ಧ ಬೇಡ ಅಂದದ್ದು ಅಮೆರಿಕದ ಮಕ್ಕಳೂ ಕಣ್ರಯ್ಯ" ಎಂದರು. ಅಮೆರಿಕಕ್ಕೆ ಧಿಕ್ಕಾರ ಬರೆಯದೆ ಇದ್ದದ್ದು ಒಳ್ಳೆಯದೇ ಆಯಿತು ಅನ್ನಿಸಿತು.

ಮೆರವಣಿಗೆ ದೊಡ್ಡದೇನಲ್ಲ. ಬಿ.ಎಚ್. ರಸ್ತೆಯಲ್ಲಿ ಟೌನ್‌ಹಾಲ್ ಸರ್ಕಲ್‌ವರೆಗೆ ನಡೆದೆವು. ಅಲ್ಲಿ ಎಳನೀರು ಮಾರುತ್ತಿದ್ದ ಅಜ್ಜ ಪಂಚೆಯನ್ನು ಓದಿಸಿ ಕೇಳಿಕೊಂಡು, "ಇಲ್ಲಿ ಮಳೆ ಇಲ್ದೆ ಜನ ಸಾಯ್ತವ್ರೆ, ನಿಮಗೆ ಅಲ್ಲಿಂದು ಯಾಕಪ್ಪಾ?" ಎಂದ. ಸತತ ಬರಗಾಲದ ವರ್ಷಗಳವು. ಅಜ್ಜನ ಸಿಟ್ಟು ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ.

ಏಪ್ರಿಲ್‌ನಲ್ಲಿ ಈ ಯುದ್ಧದ ಬಗ್ಗೆ ಲೋಕಸಭೆಯೂ ನಿರ್ಣಯ ಮಾಡಿತು. ಖಂಡಿಸಬೇಕೋ ವಿಷಾದಿಸಬೇಕೋ ಎಂದು ಪದಕ್ಕಾಗಿ ಚರ್ಚೆ ನಡೆದು, ಕೊನೆಗೆ ಹಿಂದಿಯ 'ನಿಂದಾ' ಎಂಬ ಪದಕ್ಕೆ ಎಲ್ಲರೂ ಒಪ್ಪಿದರಂತೆ. ಅದನ್ನು ಓದಿದಾಗ ನಮ್ಮ ರೂಮಿನ ಆ ರಾತ್ರಿ ನೆನಪಾಯಿತು.

ಅದಕ್ಕೂ ಮೊದಲೇ, ಮಾರ್ಚ್ 29ರಂದು, ಕುವೈತ್ ನಗರದ ಸಮುದ್ರ ದಂಡೆಯ ಮಾಲ್ ಒಂದರ ಹತ್ತಿರ ಕ್ಷಿಪಣಿ ಬಿತ್ತು. ಸುದ್ದಿ ಕೇಳಿದ ತಕ್ಷಣ ಇಬ್ಬರೂ ಎಸ್‌ಟಿಡಿ ಬೂತಿಗೆ ಓಡಿದೆವು. ಲೈನ್ ಸಿಗಲೇ ಇಲ್ಲ. ಗೆಳೆಯ ಒಂದೇ ಸಮನೆ ನಂಬರ್ ಒತ್ತುತ್ತಿದ್ದ, ಬೆರಳು ನಡುಗುತ್ತಿತ್ತು. ಕೊನೆಗೆ ಗಂಟೆ ಹೊಡೆಯಿತು. ಮೀಟರಿನ ಕೆಂಪು ಅಂಕಿಗಳು ದಡದಡ ಏರತೊಡಗಿದವು. ರಿಸೀವರನ್ನು ನನ್ನ ಕಿವಿಗೂ ಸೇರಿಸಿ ಹಿಡಿದಿದ್ದ.

"ಚೆನ್ನಾಗಿದೀನಿ ಕಣೋ. ಸೈರನ್ ಹೊಡೆದಾಗ ಕೆಳಗಡೆ ಇಳ್ಕೊಂಡು ಕೂತ್ಕೋತೀವಿ, ಅಷ್ಟೇ" ಎಂದಿತು ಅಣ್ಣನ ದನಿ. ಬೋರ್ ಕೊರೆಸಿದ ಸಾಲ ತೀರಿಸಲೆಂದೇ ಅಲ್ಲಿಗೆ ಹೋಗಿದ್ದವನು ಅವನು. ಸ್ವಲ್ಪ ತಡೆದು ಕೇಳಿದ: "ಬೋರ್‌ನಲ್ಲಿ ನೀರು ಬರ್ತಾ ಇದೆಯೇನೋ?"

ಬತ್ತಿಹೋಗಿ ತಿಂಗಳಾಗಿತ್ತು. ಗೆಳೆಯ ಮೀಟರಿನ ಕಡೆಯೇ ನೋಡುತ್ತಾ, "ಬರ್ತಿದೆ ಅಣ್ಣ" ಎಂದ.