ತಕ್ಕಡಿ ಮೇಲೆ ಭಿನ್ನರಾಶಿ: ಕೊನೆಗೂ ದಂಡ ಸಮ ನಿಂತಿತು

ಮಕ್ಕಳಿಗೆ ಸಮೀಕರಣ ಬಿಡಿಸೋದು ತೋರಿಸೋಕೆ ತಕ್ಕಡಿ ಕಟ್ಟಿದ್ದೆ: ಸಮೀಕರಣದ ಎರಡು ಬದಿಗೆ ಎರಡು ತಟ್ಟೆ. ಕಟ್ಟಿದ್ದು ಹೇಗೆ ಅಂತ ಮತ್ತೆ ಹೇಳಲ್ಲ. ಡ + 5 = 12 ಥರದವು ಆರಾಮಾಗಿ ಮುಗಿದವು. ಕಾಡಿದ್ದು ಇದೊಂದೇ:

(ಡ − 2)/3 − (ಡ − 5)/4 = 2

ಡ ಅಂದ್ರೆ ಬಿಲ್ಲೆ ತುಂಬಿ ಮುಚ್ಚಿದ ಡಬ್ಬಿ, ಒಂದು ಬಿಲ್ಲೆ ಅಂದ್ರೆ 1. ಒಳಗೆಷ್ಟಿದೆ ಅಂತ ನೋಡುವವರಿಗೆ ಗೊತ್ತಾಗಬಾರದು. ಎರಡು ಬಿಲ್ಲೆ ತೆಗೆಯೋದು ಸುಲಭ, ಮುಚ್ಚಳದ ಸೀಳಿನಿಂದ ಜಾರಿಸಿದರೆ ಆಯ್ತು. ಮೂರು ಪಾಲು ಮಾಡಬೇಕಾದರೆ ಬಿಚ್ಚಿ ಎಣಿಸಲೇಬೇಕು. ಎಣಿಸಿದ ಮೇಲೆ ಬಿಡಿಸೋಕೆ ಏನು ಉಳಿಯಿತು, ಅಲ್ವಾ?

ಹಾಗಾಗಿ ಛೇದಗಳು ಮೊದಲು ಹೋಗಬೇಕು. ಕಳೆಯುವ ಪದವನ್ನು ಬಲಕ್ಕೆ ದಾಟಿಸಿ, ಎಲ್ಲವನ್ನೂ ಲ.ಸಾ.ಅ. (3, 4 ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 12ರಿಂದ ಗುಣಿಸಿದೆ. ಎಡತಟ್ಟೆಗೆ ತಲಾ 2 ತೆಗೆದ ನಾಲ್ಕು ಡಬ್ಬಿ. ಬಲಕ್ಕೆ ತಲಾ 5 ತೆಗೆದ ಮೂರು ಡಬ್ಬಿ, ಜೊತೆಗೆ 24 ಬಿಲ್ಲೆ. ಒಂಟಿಯಾಗಿದ್ದ ಆ 2 ಕೂಡ 24 ಆಗಲೇಬೇಕು. ಮಕ್ಕಳು ಮರೆಯೋದು ಅದನ್ನೇ. ಇಲ್ಲಿ ಮರೆತರೆ ಎಡತಟ್ಟೆ ಧಡಕ್ಕನೆ ಕೂರುತ್ತದೆ.

ಲೆಕ್ಕ ಸರಿಯಿದ್ದರೂ ದಂಡ ಎಡಕ್ಕೇ ವಾಲುತ್ತಿತ್ತು. ಅದಕ್ಕೆ ಎರಡು ಕಾರಣ. ಎಡಕ್ಕೆ ಒಂದು ಡಬ್ಬಿ ಜಾಸ್ತಿ, ಪ್ಲಾಸ್ಟಿಕ್ಕಿಗೂ ತೂಕ ಇದೆ. ಬಲಕ್ಕೊಂದು ಖಾಲಿ ಡಬ್ಬಿ ಇಟ್ಟೆ. ಇನ್ನೊಂದು, ಹಾಸನದ ಹಾರ್ಡ್‌ವೇರ್ ಅಂಗಡಿಯವರು "ಎಲ್ಲಾ ಒಂದೇ ಸಾರ್" ಅಂತ ಕೊಟ್ಟ ವಾಷರ್‌ಗಳು, ನನ್ನ ಬಿಲ್ಲೆಗಳು ಅವೇ. ಒಂದೇ ಪೊಟ್ಟಣದಲ್ಲಿ ದಪ್ಪ, ತೆಳು ಎಲ್ಲ ಬೆರೆತಿದ್ದವು. ಇದು ಅನ್ಯಾಯ. ಅವನ್ನು ಬಿಟ್ಟು ಒಂದು ರೂಪಾಯಿ ನಾಣ್ಯ ಹಿಡಿದೆ. ಸರಣಿ ನೋಡಿ ಆರಿಸಿ: 2011ರದು 3.79 ಗ್ರಾಂ, 2019ರದು 3.09. ಬೆರೆಸಿದರೆ ಕೆಟ್ಟಿತು.

ಈಗ ಡಬ್ಬಿಯೊಳಗಿನದೂ ಸೇರಿ ಎರಡೂ ಕಡೆ 60 ನಾಣ್ಯ, ದಂಡ ಅಲ್ಲಾಡಲಿಲ್ಲ! ಎರಡೂ ಕಡೆ 15 ಸೇರಿಸಿದರೆ ತೆಗೆದದ್ದೆಲ್ಲ ತುಂಬಿಕೊಂಡು ಎಡದಲ್ಲಿ ನಾಲ್ಕು ಡಬ್ಬಿ, 7 ನಾಣ್ಯ. ಬಲದಲ್ಲಿ ಮೂರು ಡಬ್ಬಿ, 24 ನಾಣ್ಯ. ಮೂರು ಮೂರು ಡಬ್ಬಿ ಎತ್ತಿದರೆ ಡ + 7 = 24. ಡಬ್ಬಿಯಲ್ಲಿ 17. ತಾಳೆ ನೋಡಿ: 15/3 − 12/4, ಅಂದ್ರೆ 5 − 3.

ಅಂದ ಹಾಗೆ ಮುಂದಿನದು ಕಂಬ. ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯರ ಲೆಕ್ಕ: ಕಂಬದ 1/8 ಮಣ್ಣಲ್ಲಿ, 1/3 ನೀರಲ್ಲಿ, 1/4 ಪಾಚಿಯಲ್ಲಿ, 7 ಮೊಳ ಮೇಲೆ. ಕಂಬ ಎಷ್ಟುದ್ದ? ಸಿಲ್ವರ್ ಓಕ್ ಪಟ್ಟಿಗೆ 24 ಮನೆ ಆಗುವಂತೆ ಗೆರೆ ಕೊರೆದು 3, 8, 6 ಮನೆಗಳಿಗೆ ಬೇರೆ ಬೇರೆ ಬಣ್ಣ ಹಚ್ಚುವ ಯೋಚನೆ. ಉಳಿಯೋದು ಸರಿಯಾಗಿ ಏಳು ಮನೆ. ಸಕಲೇಶಪುರದ ಕಡೆ ಚೆನ್ನಾಗಿ ಒಣಗಿದ ತುಂಡು ಯಾರ ಹತ್ತಿರವಾದರೂ ಇದ್ದರೆ ತಿಳಿಸಿ.